ಪಂಡಿತರ ಮೌನ ಮತ್ತು ನೇಣಿನ ಮರ

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸೇಂಟ್ ಜಾರ್ಜ್ ಎಂಬ ಮೆಥಡಿಸ್ಟ್ ಚರ್ಚೊಂದಿದೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದು ದಿನ ಅಲ್ಲಿ ಪ್ರಾರ್ಥನೆ ನಡೆದಿರುವಾಗಲೇ, ಮೊಣಕಾಲೂರಿ ಕುಳಿತಿದ್ದ ಅಬ್ಸಲೋಂ ಜೋನ್ಸ್ ಎಂಬ ಕರಿಯ ಭಕ್ತರನ್ನು ಚರ್ಚಿನ ಮೇಲ್ವಿಚಾರಕರು ಹಿಡಿದೆಬ್ಬಿಸಲು ಬಂದರು. ಅವರು ಕುಳಿತ ಸ್ಥಳ ಕರಿಯರಿಗೆ ಗೊತ್ತುಮಾಡಿದ ಸ್ಥಳವಲ್ಲ ಎಂಬುದೇ ಕಾರಣ. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿರೆಂದು ಜೋನ್ಸ್ ಬೇಡಿಕೊಂಡರು. ತಾಳಲಿಲ್ಲ. ಕರಿಯ ಭಕ್ತರೆಲ್ಲರೂ ಒಟ್ಟಾಗಿ ಎದ್ದು ಹೊರನಡೆದರು. ಅವರಲ್ಲೊಬ್ಬರಾದ ರಿಚರ್ಡ್ ಆಲೆನ್ ಅವರ ನೇತೃತ್ವದಲ್ಲಿ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಎಂಬ ಸ್ವತಂತ್ರ ಧರ್ಮಸಂಘ ರೂಪುಗೊಂಡಿತು. ದೇವರ ಮುಂದೆ ಪಂಕ್ತಿಭೇದವೆಂದರೇನು ಎಂಬುದನ್ನು, ಮಠದ ಪಂಕ್ತಿಯಲ್ಲಿ ಉಂಡು ವಿದ್ಯೆ ಕಲಿತ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆ ಧರ್ಮಸಂಘದ ಮಡಿಲಲ್ಲಿಯೇ ಬೆಳೆದವರು ಜೇಮ್ಸ್ ಕೋನ್. 1938ರಲ್ಲಿ ಅರ್ಕನ್ಸಾ ರಾಜ್ಯದಲ್ಲಿ ಹುಟ್ಟಿ, ಬೇರ್ಡನ್ ಎಂಬ ಸಣ್ಣ ಊರಿನಲ್ಲಿ ಬಾಲ್ಯ ಕಳೆದರು. ತಂದೆ ಮರ ಕಡಿದು ಜೀವಿಸುತ್ತಿದ್ದವರು. ಶಾಲೆಗಳಲ್ಲಿದ್ದ ವರ್ಣಭೇದದ ವಿರುದ್ಧ ಶಾಲಾ ಮಂಡಲಿಯ ಮೇಲೆ ದಾವೆ ಹೂಡಿ, ಪ್ರಾಣಬೆದರಿಕೆಗೂ ಜಗ್ಗದೆ ನಿಂತವರು. ಸಂಜೆ ತಂದೆ ಮನೆಗೆ ಬರುವುದು ತಡವಾದರೆ ಆ ಮನೆಯ ಮಕ್ಕಳಿಗೆ ಏನನ್ನಿಸುತ್ತಿತ್ತೆಂಬುದನ್ನು ಕೋನ್ ಅವರು ತಮ್ಮ ಮುಪ್ಪಿನಲ್ಲಿಯೂ ಮರೆಯಲಿಲ್ಲ. ಅಂಥ ಮನೆಯ ಹುಡುಗ 1965ರಲ್ಲಿ ಡಾಕ್ಟರೇಟ್ ಪಡೆದದ್ದು ಕಾರ್ಲ್ ಬಾರ್ತ್ ಎಂಬ ಸ್ವಿಸ್ ಪಂಡಿತರ ಚಿಂತನೆಯನ್ನು ಕುರಿತ ಪ್ರಬಂಧಕ್ಕೆ. ಓದಿದ ವಿದ್ಯೆಯಲ್ಲಿ ಬೇರ್ಡನ್ ಊರಿಗೆ ಸಂಬಂಧಿಸಿದ ಒಂದು ಮಾತೂ ಇರಲಿಲ್ಲ.

1967ರಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿಯಿತು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಆ ಬೇಸಗೆಯಲ್ಲಿ ಕೋನ್ ಅವರು ಲಿಟಲ್ ರಾಕ್‌ನಲ್ಲಿ ಪಾದ್ರಿಗಳಾಗಿದ್ದ ಅಣ್ಣ ಸೆಸಿಲ್ ಅವರ ಚರ್ಚಿನಲ್ಲಿ ಕುಳಿತು, ಕೆಲವೇ ವಾರಗಳಲ್ಲಿ ತಮ್ಮ ಮೊದಲ ಗ್ರಂಥವನ್ನು ಬರೆದು ಮುಗಿಸಿದರು. 'ಬ್ಲ್ಯಾಕ್ ಥಿಯಾಲಜಿ ಅಂಡ್ ಬ್ಲ್ಯಾಕ್ ಪವರ್' ಎಂಬ ಆ ಗ್ರಂಥ 1969ರಲ್ಲಿ ಹೊರಬಂದಿತು. ಮರುವರ್ಷವೇ 'ಎ ಬ್ಲ್ಯಾಕ್ ಥಿಯಾಲಜಿ ಆಫ್ ಲಿಬರೇಷನ್' ಪ್ರಕಟವಾಯಿತು. ಪೆರು ದೇಶದ ಗುಸ್ತಾವೊ ಗುಟಿಯೆರೆಸ್ ಅವರ ಪ್ರಸಿದ್ಧ ವಿಮೋಚನಾ ದೇವಶಾಸ್ತ್ರ ಗ್ರಂಥ ಬಂದದ್ದು 1971ರಲ್ಲಿ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದಲ್ಲ. ಎರಡು ನೆಲಗಳಲ್ಲಿ ಎರಡು ಬಗೆಯ ನೋವಿನಿಂದ ಒಂದೇ ಪದ ಮೊಳೆಯಿತು.

ಈ ಆರಂಭದ ಗ್ರಂಥಗಳನ್ನು ಇಂದು ಓದುವವರಿಗೆ ಅವುಗಳ ಕಾವು ತಟ್ಟದೆ ಇರದು. ದೇವರು ಪಕ್ಷಪಾತವಿಲ್ಲದವನು ಎಂಬ ಮಾತು ದಲಿತನ ಪಾಲಿಗೆ ದೇವರೇ ಇಲ್ಲವೆಂಬ ಮಾತಿಗೆ ಸಮ. ಆತನು ತುಳಿಯಲ್ಪಟ್ಟವರ ಪಕ್ಷ ವಹಿಸಿದವನು, ಅಮೆರಿಕದಲ್ಲಿ ತುಳಿಯಲ್ಪಟ್ಟವನು ಕರಿಯನಾದ್ದರಿಂದ ಅಲ್ಲಿ ದೇವರೂ ಕರಿಯನೇ—ಇದು ಅವರ ವಾದದ ತಿರುಳು. ಇಲ್ಲಿ ಕರಿಯ ಎಂಬುದು ಚರ್ಮದ ಬಣ್ಣ ಮಾತ್ರವಲ್ಲ, ಒಂದು ಸ್ಥಿತಿಯ ಹೆಸರು ಎಂದು ಅವರು ಬಿಡಿಸಿ ಹೇಳಿದ್ದಾರೆ. ಆದರೂ ನಿಷ್ಠುರವಾಗಿ ಹೇಳುವುದಾದರೆ, ಈ ಪುಟಗಳಲ್ಲಿ ಘೋಷಣೆ ವಾದಕ್ಕಿಂತ ಮುಂದೆ ಓಡುತ್ತದೆ. ಡಿಯೋಟಿಸ್ ರಾಬರ್ಟ್ಸ್ ಅವರು 1971ರಲ್ಲಿಯೇ, ವಿಮೋಚನೆಯೊಡನೆ ಸಾಮರಸ್ಯವೂ ಸಾಗಬೇಕೆಂದು ಆಕ್ಷೇಪವೆತ್ತಿದರು. ಮನೆಯೊಳಗಿನಿಂದಲೇ ಬಂದ ಟೀಕೆ ಇನ್ನೂ ಹರಿತವಾಗಿತ್ತು. ತಮ್ಮನ ದೇವಶಾಸ್ತ್ರ ರಾಜಕೀಯ ಚಳವಳಿಯಿಂದಲೂ ಬಿಳಿಯರ ವಿಶ್ವವಿದ್ಯಾಲಯದಿಂದಲೂ ಹೊರಟಿದೆ, ಕರಿಯರ ಸ್ವಂತ ಭಕ್ತಿಪರಂಪರೆಯಿಂದ ಹೊರಟಿಲ್ಲವೆಂದು ಅಣ್ಣ ಸೆಸಿಲ್ ಅವರೇ 1975ರಲ್ಲಿ ಗ್ರಂಥ ಬರೆದರು! ಇಂಥ ಟೀಕೆಗಳನ್ನು ಕೋನ್ ಅವರು ಕೇಳಿಸಿಕೊಂಡರೆಂಬುದು ಅವರ ದೊಡ್ಡತನ. ಗುಲಾಮರ ಭಕ್ತಿಗೀತೆಗಳನ್ನು ಕುರಿತು ಬರೆದರು. ಮುಂದಿನ ಮುದ್ರಣಗಳ ಮುನ್ನುಡಿಯಲ್ಲಿ, ಸ್ತ್ರೀಯರ ಸ್ಥಿತಿಯನ್ನು ತಾವು ಕಾಣದೆ ಹೋದದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಆದರೆ ಅವರ ನಿಜವಾದ ಸಾಧನೆಯನ್ನು ನಾನು ಕಾಣುವುದು, 2011ರಲ್ಲಿ ತಮ್ಮ 73ನೆಯ ವಯಸ್ಸಿನ ಹೊತ್ತಿಗೆ ಪ್ರಕಟಿಸಿದ 'ದಿ ಕ್ರಾಸ್ ಅಂಡ್ ದಿ ಲಿಂಚಿಂಗ್ ಟ್ರೀ' ಎಂಬ ಗ್ರಂಥದಲ್ಲಿ. ಲಿಂಚಿಂಗ್ ಎಂದರೆ ನ್ಯಾಯವಿಚಾರಣೆಯಿಲ್ಲದೆ ಜನರ ಗುಂಪು ಒಬ್ಬನನ್ನು ಹಿಂಸಿಸಿ ಕೊಲ್ಲುವುದು, ಸಾಮಾನ್ಯವಾಗಿ ಮರಕ್ಕೆ ನೇಣು ಹಾಕುವುದು. ಟಸ್ಕೀಗಿ ಸಂಸ್ಥೆ ಇರಿಸಿದ ಲೆಕ್ಕದಂತೆ 1882ರಿಂದ 1968ರವರೆಗೆ ಹೀಗೆ ಸತ್ತವರು 4,743 ಮಂದಿ. ಅವರಲ್ಲಿ 3,446 ಮಂದಿ ಕರಿಯರು. ಕೊಂದವರು ಕಾಡುಜನರಲ್ಲ, ಚರ್ಚಿಗೆ ಹೋಗುವ ಕ್ರೈಸ್ತರು. ಹೆಣದ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡರು. ಅವನ್ನು ಅಂಚೆ ಕಾರ್ಡುಗಳಾಗಿ ಅಚ್ಚು ಹಾಕಿಸಿ ಬಂಧುಮಿತ್ರರಿಗೆ ಕಳಿಸಿದರು. ಶಿಲುಬೆಯೂ ಮರವೇ, ಅದರ ಮೇಲೆ ಸತ್ತವನೂ ಜನಸಮೂಹದ ಎದುರಿಗೆ ಅವಮಾನಿತನಾಗಿ ಸತ್ತವನೇ. ಈ ಸಾಮ್ಯ ಕವಿಗಳಿಗೆ ಕಂಡಿತ್ತು. ಕೌಂಟಿ ಕಲನ್ 1929ರಲ್ಲಿಯೇ 'ದಿ ಬ್ಲ್ಯಾಕ್ ಕ್ರೈಸ್ಟ್' ಎಂಬ ಕಾವ್ಯ ಬರೆದರು. 1939ರಲ್ಲಿ ಬಿಲ್ಲಿ ಹಾಲಿಡೇ ನೇಣಿನ ಮರವನ್ನು ಕುರಿತ ಹಾಡನ್ನು ಹಾಡಿದರು. 1955ರಲ್ಲಿ ಮಿಸಿಸಿಪಿಯಲ್ಲಿ ಕೊಲೆಯಾದ 14 ವರ್ಷದ ಎಮ್ಮೆಟ್ ಟಿಲ್‌ನ ತಾಯಿ, ವಿರೂಪಗೊಂಡ ಮಗನ ಮುಖವನ್ನು ಲೋಕ ನೋಡಲೆಂದು ಶವಪೆಟ್ಟಿಗೆಯನ್ನು ತೆರೆದೇ ಇರಿಸಿದರು. ಅಕ್ಷರ ಬಲ್ಲವರಿಗೂ ಬಾರದವರಿಗೂ ಕಂಡ ಈ ಸಾಮ್ಯ ದೇವಶಾಸ್ತ್ರದ ಪಂಡಿತರಿಗೆ ಮಾತ್ರ ಏಕೆ ಕಾಣಲಿಲ್ಲ? ಗ್ರಂಥದ ಪ್ರಶ್ನೆ ಇಷ್ಟೇ.

ಈ ಪ್ರಶ್ನೆಯನ್ನು ಕೋನ್ ಅವರು ರೈನ್‌ಹೋಲ್ಡ್ ನೀಬೂರ್ ಅವರ ಮೇಲೆ ಪ್ರಯೋಗಿಸುವ ಅಧ್ಯಾಯ ಇಡೀ ಗ್ರಂಥದ ಜೀವ. ನೀಬೂರ್ ಸಾಮಾನ್ಯರಲ್ಲ. ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ 1928ರಿಂದ 1960ರವರೆಗೆ ಬೋಧಿಸಿದವರು. ಶಿಲುಬೆಯ ಅರ್ಥವನ್ನು ಅವರಷ್ಟು ಆಳವಾಗಿ ಚಿಂತಿಸಿದ ಅಮೆರಿಕನ್ನರು ವಿರಳ. ಕಿಂಗ್ ಅವರು ಅವರನ್ನು ಓದಿ ಕಲಿತವರು. ಅಂಥವರು ಶಿಲುಬೆಯನ್ನು ನೇಣಿನ ಮರದ ಪಕ್ಕದಲ್ಲಿಟ್ಟು ನೋಡಲಿಲ್ಲ. 1954ರಲ್ಲಿ ಶಾಲೆಗಳ ವರ್ಣಭೇದ ಸಂವಿಧಾನವಿರುದ್ಧವೆಂದು ಸರ್ವೋಚ್ಚ ನ್ಯಾಯಪೀಠ ತೀರ್ಪಿತ್ತ ಮೇಲೂ ಅವರು ಉಪದೇಶಿಸಿದ್ದು ನಿಧಾನವನ್ನು. ಕೋನ್ ಅವರಾದರೋ ಅದೇ ಸೆಮಿನರಿಯಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ತಮ್ಮ ಸಂಸ್ಥೆಯ ಮಹಾಪುರುಷನನ್ನು ವಿಚಾರಣೆಗೆ ಕರೆಯುವಾಗ ಅವರ ದನಿಯಲ್ಲಿ ಯೌವನದ ಗರ್ಜನೆಯಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತಾಗ, ಕಾದಂಬರಿಕಾರ ಜೇಮ್ಸ್ ಬಾಲ್ಡ್‌ವಿನ್ ಅವರೊಡನೆ ನೀಬೂರ್ ನಡೆಸಿದ ಸಂವಾದವನ್ನೂ ಅವರು ಮುಚ್ಚಿಡುವುದಿಲ್ಲ. ಸಲ್ಲಬೇಕಾದುದನ್ನು ಸಲ್ಲಿಸಿಯೇ ಉಳಿದ ಲೆಕ್ಕ ಕೇಳುತ್ತಾರೆ. ವಿದ್ವಾಂಸನನ್ನು ಅವನ ಮಾತಿನಿಂದ ಅಳೆಯುವುದು ಸುಲಭ; ಮೌನದಿಂದ ಅಳೆಯುವಾಗ ಅನ್ಯಾಯವೆಸಗುವ ಅಪಾಯ ಹೆಚ್ಚು. ಆ ಅಪಾಯವನ್ನು ಅರಿತೇ ಬರೆದ ಪುಟಗಳಿವು.

ಇಂಥ ಚಿಂತನೆ ರಾಜಕೀಯದ ಸಂತೆಗೆ ಬಂದಾಗ ಏನಾಗುತ್ತದೆಂಬುದಕ್ಕೆ 2008ರ ಒಂದು ಪ್ರಸಂಗ ಸಾಕ್ಷಿ. ಕೋನ್ ಅವರ ಗ್ರಂಥಗಳಿಗೆ ತಾವು ಋಣಿಯೆಂದು ಹೇಳಿಕೊಂಡಿದ್ದ ಷಿಕಾಗೋದ ಪಾದ್ರಿ ಜೆರಮಯಾ ರೈಟ್ ಅವರ ಪ್ರವಚನಗಳ ತುಣುಕುಗಳನ್ನು ದೂರದರ್ಶನ ವಾಹಿನಿಗಳು ಮತ್ತೆಮತ್ತೆ ಬಿತ್ತರಿಸಿದವು. ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಬರಾಕ್ ಒಬಾಮ ಅವರು ಆ ಚರ್ಚಿನ ಸದಸ್ಯರು. ಮಾರ್ಚ್ 18ರಂದು ಒಬಾಮ ಮಾಡಿದ ಭಾಷಣ ನಡೆದದ್ದೂ ಫಿಲಡೆಲ್ಫಿಯಾದಲ್ಲಿಯೇ. ಕೆಲವೇ ವಾರಗಳಲ್ಲಿ ಅವರು ಚರ್ಚಿನ ಸದಸ್ಯತ್ವವನ್ನೇ ತೊರೆದರು. ಪ್ರವಚನವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳುವವನಿಗೂ ಎರಡು ವಾಕ್ಯ ಕೇಳಿ ಕೋಪಗೊಳ್ಳುವವನಿಗೂ ಇರುವ ಅಂತರವನ್ನು ಓದುಗರೇ ಬಲ್ಲರು.

ನಮ್ಮ ನಾಡಿಗೂ ಈ ವಿಚಾರದ ಒಂದು ಎಳೆ ಬಂದು ತಾಕಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೇವಶಾಸ್ತ್ರವೊಂದು ಬೇಕೆಂದು ಉಪನ್ಯಾಸ ಮಾಡಿದರು. ದಲಿತ ದೇವಶಾಸ್ತ್ರವೆಂದು ಮುಂದೆ ಹೆಸರಾದ ಚಿಂತನೆಗೆ ಅದೇ ನಾಂದಿ. ಮತಾಂತರದ ಬಳಿಕವೂ ಚರ್ಚಿನೊಳಗೆ ಜಾತಿ ಉಳಿದದ್ದೇ ಅದರ ಹಿನ್ನೆಲೆ.

ಕೋನ್ ಅವರಲ್ಲಿ ನನಗೆ ತೃಪ್ತಿ ತಾರದ ಅಂಶ ಒಂದಿದೆ. 1973ರಲ್ಲಿ ವಿಲಿಯಂ ಜೋನ್ಸ್ ಎಂಬ ಕರಿಯ ತತ್ತ್ವಜ್ಞಾನಿ, ದೇವರೇ ಬಿಳಿಯ ಜನಾಂಗವಾದಿಯೇ ಎಂಬ ಬೆಚ್ಚಿಬೀಳಿಸುವ ಪ್ರಶ್ನೆಯನ್ನೇ ಗ್ರಂಥದ ಶೀರ್ಷಿಕೆಯಾಗಿಸಿದರು. ದೇವರು ದಲಿತರ ಪಕ್ಷದವನಾದರೆ ಇಷ್ಟು ತಲೆಮಾರುಗಳ ಯಾತನೆ ನಿಲ್ಲಲಿಲ್ಲವೇಕೆ, ಆತನು ಆ ಪಕ್ಷದವನೆಂಬುದಕ್ಕೆ ಸಾಕ್ಷ್ಯವೆಲ್ಲಿ ಎಂಬುದು ಅವರ ಪ್ರಶ್ನೆ. ಕ್ರಿಸ್ತನ ಮರಣ ಪುನರುತ್ಥಾನಗಳೇ ಸಾಕ್ಷ್ಯವೆಂದು ಕೋನ್ ಉತ್ತರಿಸಿದರು. ಭಕ್ತನಿಗೆ ಅದು ಸಾಕು. ಜೋನ್ಸ್ ಕೇಳಿದ್ದು ಭಕ್ತರನ್ನಷ್ಟೇ ಅಲ್ಲ. 1993ರಲ್ಲಿ ಡೆಲೋರೆಸ್ ವಿಲಿಯಮ್ಸ್ ಅವರು ಬೇರೊಂದು ದಿಕ್ಕಿನಿಂದ ಇದೇ ಗಾಯವನ್ನು ಮುಟ್ಟಿದರು: ಇನ್ನೊಬ್ಬರಿಗಾಗಿ ನೋಯುವುದನ್ನೇ ಪುಣ್ಯವೆಂದು ಹೊಗಳಿದರೆ, ಶತಮಾನಗಳಿಂದ ಇತರರ ಮಕ್ಕಳನ್ನು ಸಾಕಿ ಇತರರ ಹೊಲ ಗೇಯ್ದ ಕರಿಯ ಸ್ತ್ರೀಗೆ ಅದು ಬಿಡುಗಡೆಯೋ, ಹೊಸ ಸಂಕೋಲೆಯೋ? ಕೋನ್ ಅವರು 2011ರ ಗ್ರಂಥದಲ್ಲಿ ಈ ಆಕ್ಷೇಪವನ್ನು ಗೌರವದಿಂದ ಎತ್ತಿಕೊಂಡು, ಶಿಲುಬೆಯನ್ನು ತಾವು ಬಿಡಲಾರೆವೆಂದು ಹೇಳಿ ಮುಂದೆ ಸಾಗುತ್ತಾರೆ. ಬೇರ್ಡನ್ನಿನ ಚರ್ಚಿನಲ್ಲಿ ತಾಯಿತಂದೆಯರು ಆ ಶಿಲುಬೆಯನ್ನು ಹಾಡಿದ್ದನ್ನು ಕೇಳಿ ಬೆಳೆದವರು ಅವರು. 2018ರ ಏಪ್ರಿಲ್ 28ರಂದು ತೀರಿಕೊಂಡರು. ಜೋನ್ಸ್ ಅವರಿಗೆ ಕೊಡಬೇಕಾದ ಉತ್ತರ ಅವರ ಗ್ರಂಥಗಳಲ್ಲಿ ನನಗೆ ದೊರೆತಿಲ್ಲ.