ಪುಟ್ಟ ದ್ವೀಪ ಎನ್ನುವ ಮಾತು

ನನಗೆ ಈಜು ಬರುವುದಿಲ್ಲ. ಸೈಕಲ್ ಕಲಿತದ್ದು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಅದೂ ಮುಸ್ಸಂಜೆಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ. ಓಡಿದ್ದೆಂದರೆ ಬಸ್ಸು ಹಿಡಿಯಲಿಕ್ಕೆ ಮಾತ್ರ. ಇಂಥವಳು ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಟ್ರಯಥ್ಲಾನ್ ಬಗ್ಗೆ ವಿಮರ್ಶೆ ಬರೆಯುವುದೆಂದರೆ ಒಲೆ ಹಚ್ಚಲು ಬಾರದವಳು ಸಾರಿಗೆ ಉಪ್ಪು ಸಾಲದು ಅಂದಹಾಗೆ. ಆದರೆ ಉಣ್ಣುವವರಿಗೂ ನಾಲಿಗೆ ಇರುತ್ತದಲ್ಲ! ಆಟದ ತಂತ್ರ ನನಗೆ ತಿಳಿಯದು. ಆಟವನ್ನು ನಮ್ಮಂಥವರಿಗೆ ಹೇಗೆ ತೋರಿಸುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳಿಗೆ ಯಾವ ಪದ ಭಾರ ಹೊತ್ತಿದೆ, ಯಾವುದು ಸುಮ್ಮನೆ ಕೂತಿದೆ ಎಂದು ಗೊತ್ತಾಗಿಯೇ ಆಗುತ್ತದೆ.

ನನ್ನನ್ನು ಕಾಡಿದ ಪದ 'ಪುಟ್ಟ'. 2021ರ ಜುಲೈ 27ರಂದು ಟೋಕಿಯೋದಲ್ಲಿ ಬರ್ಮುಡಾದ ಫ್ಲೋರಾ ಡಫಿ ಒಲಿಂಪಿಕ್ ಚಿನ್ನ ಗೆದ್ದಳು. (ಆಕೆ ಹುಟ್ಟಿದ್ದು 1987ರಲ್ಲಿ. ನನ್ನ ಮೊದಮೊದಲ ವಿದ್ಯಾರ್ಥಿನಿಯರ ಓರಗೆಯವಳು. ಏಕವಚನದಲ್ಲಿ ಕರೆಯಲು ಅಷ್ಟು ಸಲಿಗೆ ಸಾಕು.) ನಮ್ಮಲ್ಲಿ ಆಗ ಬೆಳಗಿನ ಜಾವ ಮೂರೂಕಾಲು. ಗಾಢ ನಿದ್ದೆಯಲ್ಲಿದ್ದೆ, ಆಮೇಲೆ ನೋಡಿದೆ. ಸುದ್ದಿಯಲ್ಲಿ, ವಿವರಣೆಯಲ್ಲಿ, ಎಲ್ಲೆಲ್ಲೂ ಅದೇ ಮಾತು. ಇಷ್ಟು ಪುಟ್ಟ ದ್ವೀಪ, ಬೇಸಿಗೆ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅತಿ ಕಡಿಮೆ ಜನಸಂಖ್ಯೆಯ ನಾಡು, ಸುಮಾರು 64 ಸಾವಿರ ಜನ. ನಮ್ಮ ಒಂದು ತಾಲ್ಲೂಕು ಪಟ್ಟಣದಷ್ಟು ಎನ್ನಿ. ಅಂಕಿ ಸರಿಯೇ. ಆದರೆ ಸರಿಯಾದ ಅಂಕಿಯನ್ನೇ ಇಪ್ಪತ್ತು ಸಲ ಹೇಳಿದಾಗ ಅದು ಸುಳ್ಳಿನ ಕೆಲಸ ಮಾಡುತ್ತದೆ. ಮದುವೆಮನೆಯಲ್ಲಿ ಬಡವರ ಹುಡುಗಿಯನ್ನು ತೋರಿಸಿ "ಇಷ್ಟು ಬಡತನದಲ್ಲೂ ಎಷ್ಟು ಚೆನ್ನಾಗಿ ಓದಿದ್ದಾಳೆ ನೋಡಿ" ಅನ್ನುತ್ತಾರಲ್ಲ, ಅಲ್ಲಿ ಹೊಗಳಿಕೆ ಯಾರಿಗೆ ಸಲ್ಲುತ್ತದೆ ಹೇಳಿ?

ಆ ಓಟವನ್ನು ಒಮ್ಮೆ ಧ್ವನಿ ಆರಿಸಿ ನೋಡಿದೆ. ನೀವೂ ಹಾಗೆ ನೋಡಿ, ಬೇರೆಯೇ ಚಿತ್ರ ಕಾಣುತ್ತದೆ. ಮಳೆ ಗಾಳಿಯಿಂದಾಗಿ ಕಾಲು ಗಂಟೆ ತಡವಾಗಿ ಶುರು. 1500 ಮೀಟರ್ ಕಡಲಿನಲ್ಲಿ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ರಸ್ತೆ ಒದ್ದೆ. ಮುಂಚೂಣಿಯ ಗುಂಪಿನಲ್ಲಿ ಅವಳೂ ಒಬ್ಬಳು. ಬ್ರಿಟನ್ನಿನ ಜಾರ್ಜಿಯಾ ಟೇಲರ್ ಬ್ರೌನ್‌ಳ ಚಕ್ರ ಪಂಕ್ಚರ್ ಆಗುತ್ತದೆ, ಆದರೂ ಆಕೆ ಎದೆಗುಂದದೆ ಓಡಿ ಎರಡನೆಯವಳಾಗುತ್ತಾಳೆ. ಫ್ಲೋರಾ ಓಟ ಶುರುವಾದ ಸ್ವಲ್ಪ ಹೊತ್ತಿಗೆ ಗುಂಪಿನಿಂದ ಬೇರಾಗುತ್ತಾಳೆ, ಮತ್ತೆ ಯಾರ ಕೈಗೂ ಸಿಗುವುದಿಲ್ಲ. 1 ಗಂಟೆ 55 ನಿಮಿಷ 36 ಸೆಕೆಂಡು. ಎರಡನೆಯವಳಿಗಿಂತ 74 ಸೆಕೆಂಡು ಮುಂದೆ. ಧ್ವನಿ ಇಲ್ಲದ ಈ ಚಿತ್ರದಲ್ಲಿ ಪವಾಡ ಎಲ್ಲೂ ಇಲ್ಲ. ಕೆಲಸ ಚೆನ್ನಾಗಿ ಬಲ್ಲ ಹೆಂಗಸೊಬ್ಬಳು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದು ಕಾಣುತ್ತದೆ. ಆಗ ಅವಳಿಗೆ 33 ವರ್ಷ. 2016, 2017ರಲ್ಲಿ ವಿಶ್ವ ಚಾಂಪಿಯನ್, 2018ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. ಇಂಥವಳು ಗೆದ್ದರೆ ಅಚ್ಚರಿ ಏಕೆ? ನಮ್ಮ ಕೈರುಚಿ ಬಲ್ಲವರೇ ಹಬ್ಬದ ದಿನ ಬಂದು "ಅಯ್ಯೋ, ಹೋಳಿಗೆ ನೀವೇ ಮಾಡಿದ್ದಾ?" ಎಂದು ಕಣ್ಣರಳಿಸಿದ ಹಾಗಾಯಿತು.

ಇನ್ನೊಂದು ಚಿತ್ರವಿದೆ, ಈ ಆಟಕ್ಕೇ ಹೆಸರು ತಂದುಕೊಟ್ಟದ್ದು. ಅದೂ ದ್ವೀಪದ್ದೇ. 1982ರ ಫೆಬ್ರವರಿ, ಹವಾಯಿ. ಅಲ್ಲಿಯ ಸ್ಪರ್ಧೆಯ ಅಳತೆಯೇ ಬೇರೆ: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ ಒಂದು ಇಡೀ ಮ್ಯಾರಥಾನ್. ಜೂಲಿ ಮಾಸ್ ಎಂಬ ಕಾಲೇಜು ವಿದ್ಯಾರ್ಥಿನಿ ಹೆಂಗಸರಲ್ಲಿ ಎಲ್ಲರಿಗಿಂತ ಮುಂದಿದ್ದಾಳೆ. ಗುರಿ ಕಣ್ಣಿಗೆ ಕಾಣುತ್ತಿರುವಾಗ ಕಾಲು ಸೋಲುತ್ತದೆ, ಕುಸಿಯುತ್ತಾಳೆ, ಏಳುತ್ತಾಳೆ, ಮತ್ತೆ ಕುಸಿಯುತ್ತಾಳೆ. ಕ್ಯಾಥ್ಲೀನ್ ಮೆಕ್‌ಕಾರ್ಟ್ನಿ ಪಕ್ಕದಿಂದ ಓಡಿ ಮೊದಲು ಮುಟ್ಟುತ್ತಾಳೆ. ಜೂಲಿ ಅಂಬೆಗಾಲಿಟ್ಟು ಬಂದು ಗೆರೆಯ ಮೇಲೆ ಕೈ ಇಡುತ್ತಾಳೆ. ಅಮೆರಿಕದ ದೂರದರ್ಶನ ಅದನ್ನು ಮನೆಮನೆಗೆ ತೋರಿಸಿತು, ಮುಂದೆ ಆ ಸ್ಪರ್ಧೆಗೆ ಜನ ಮುಗಿಬಿದ್ದರು. ನನಗೂ ಗಂಟಲು ಕಟ್ಟಿತು, ಸುಳ್ಳೇಕೆ ಹೇಳಲಿ. ಆದರೆ ಎರಡನೇ ಸಲ ನೋಡುವಾಗ ಮನಸ್ಸು ಕಹಿಯಾಯಿತು. ಇಷ್ಟು ದೊಡ್ಡ ಸ್ಪರ್ಧೆಯಲ್ಲಿ ಕ್ಯಾಮೆರಾ ಬಾಯಿ ಚಪ್ಪರಿಸಿ ನೋಡಿದ್ದು ಬಿದ್ದ ಹೆಣ್ಣನ್ನು. ಗೆದ್ದ ಕ್ಯಾಥ್ಲೀನಳ ಹೆಸರು ಎಷ್ಟು ಜನಕ್ಕೆ ನೆನಪಿದೆ? ನಮ್ಮ ಧಾರಾವಾಹಿಗಳಲ್ಲಿಯೂ ಅಳುವವಳ ಮುಖವನ್ನೇ ಹತ್ತಿರದಿಂದ ತೋರಿಸುತ್ತಾರಲ್ಲ, ಆ ಚಟ ಎಲ್ಲ ಕಡೆಯೂ ಒಂದೇ ಎಂದುಕೊಂಡೆ. ಒಂದು ಕಡೆ ಬಿದ್ದವಳು, ಇನ್ನೊಂದು ಕಡೆ ಪುಟ್ಟ ನಾಡಿನವಳು. ಹೆಂಗಸಿನ ಬಲವನ್ನು ಬಲ ಎಂದು ಕರೆಯುವುದಕ್ಕೆ ಮುಂಚೆ ಅಯ್ಯೋ ಪಾಪ ಅನ್ನುವ ಒಂದು ನೆಪ ಇವರಿಗೆ ಬೇಕು.

ಇನ್ನು ಆ ದ್ವೀಪ. ಪುಟ್ಟದೆಂದು ಹೇಳುವವರು ಅಲ್ಲಿ ಬದುಕು ಹೇಗೆ ಎಂದು ಹೇಳುವುದಿಲ್ಲ. ಅಮೆರಿಕದ ಕರಾವಳಿಯಿಂದ ಸಾವಿರ ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ನಡುವೆ, 54 ಚದರ ಕಿಲೋಮೀಟರ್ ನೆಲ. ಇಂದಿಗೂ ಬ್ರಿಟನ್ನಿನ ಅಧೀನ ಪ್ರದೇಶ. ನದಿ ಇಲ್ಲ. ಮನೆಗಳಿಗೆ ಬಿಳಿ ಸುಣ್ಣಕಲ್ಲಿನ ಮೆಟ್ಟಿಲು ಮೆಟ್ಟಿಲಾದ ಮಾಡು. ಬಿದ್ದ ಮಳೆ ಅಲ್ಲಿಂದ ಇಳಿದು ಮನೆಯಡಿಯ ತೊಟ್ಟಿ ಸೇರುತ್ತದೆ, ಕುಡಿಯುವುದೂ ಅದನ್ನೇ. (ಇದನ್ನು ಓದಿ ನನಗೆ ಫ್ಲೋರಾಳಿಗಿಂತ ಅವಳ ಅಮ್ಮನ ಮೇಲೆ ಮರ್ಯಾದೆ ಹೆಚ್ಚಿತು. ಮಳೆನೀರು ಲೆಕ್ಕಹಾಕಿ ಬಳಸುವ ಮನೆಯಲ್ಲಿ ಬೆವರು, ಉಪ್ಪುನೀರಿನ ಬಟ್ಟೆ ದಿನವೂ ಒಗೆಯುವುದು ಹುಡುಗಾಟವೇ?) 1946ರವರೆಗೆ ಅಲ್ಲಿ ಜನ ಸ್ವಂತ ಕಾರು ಇಡುವಂತಿರಲಿಲ್ಲ, ಈಗಲೂ ಮನೆಗೊಂದೇ ಕಾರು. ವೇಗದ ಮಿತಿ ಗಂಟೆಗೆ 35 ಕಿಲೋಮೀಟರ್. 1931ರಲ್ಲಿ ಬಂದ ರೈಲು 1948ರಲ್ಲಿ ನಿಂತುಹೋಯಿತು. ಹಳಿ ಕಿತ್ತ ದಾರಿಯಲ್ಲಿ ಜನ ನಡೆಯುತ್ತಾರೆ, ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ. ಮೇ ತಿಂಗಳ ಬರ್ಮುಡಾ ದಿನದಂದು ಅರ್ಧ ಮ್ಯಾರಥಾನ್ ನಡೆಯುತ್ತದೆ, ಅಕ್ಕಪಕ್ಕದ ಮನೆಯವರು ಓಡುವುದನ್ನು ನೋಡಲು ಜನ ರಸ್ತೆ ಬದಿಯಲ್ಲಿ ಜಾಗ ಹಿಡಿದು ಕೂರುತ್ತಾರೆ. ಇಂಥ ಕಡೆ ಏಳನೇ ವಯಸ್ಸಿಗೇ ಮಗುವೊಂದು ಈಜಿ, ಸೈಕಲ್ ತುಳಿದು, ಓಡಿದರೆ ಅದು ಬೆರಗಲ್ಲ, ಊರಿನ ವಾಡಿಕೆ. ಫ್ಲೋರಾ ಬೆಳೆದದ್ದು ಈ ವಾಡಿಕೆಯೊಳಗೆ. ಅಲ್ಲಿಂದಲೇ ಬಂದ ಟೈಲರ್ ಬಟರ್‌ಫೀಲ್ಡ್ 2015ರಲ್ಲಿ ಹವಾಯಿಯ ಆ ದೊಡ್ಡ ಸ್ಪರ್ಧೆಯಲ್ಲಿ ಐದನೆಯವನಾದ. 64 ಸಾವಿರ ಜನರಲ್ಲಿ ಒಬ್ಬಳೇ ಒಬ್ಬಳು ಆಕಾಶದಿಂದ ಉದುರಿದಳು ಎನ್ನುವ ಕಥೆ ಇಲ್ಲಿಯೇ ಮುರಿಯುತ್ತದೆ.

ಆದರೆ ದ್ವೀಪವೇ ಎಲ್ಲವನ್ನೂ ಕೊಟ್ಟಿತು ಎನ್ನುವುದೂ ಪೂರ್ತಿ ನಿಜವಲ್ಲ, ಇದನ್ನು ಹೊಗಳುವವರು ನುಂಗಿಬಿಡುತ್ತಾರೆ. ಎರಡು ಮೂರು ಕಿಲೋಮೀಟರ್ ಅಗಲವಿಲ್ಲದ ನೆಲದಲ್ಲಿ 180 ಕಿಲೋಮೀಟರ್ ಸೈಕಲ್ ಹೊಡೆಯಬೇಕೆಂದರೆ ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತಬೇಕು. ಫ್ಲೋರಾ ಶಾಲೆಯ ದಿನಗಳಲ್ಲೇ ಇಂಗ್ಲೆಂಡಿನ ವಸತಿ ಶಾಲೆಗೆ ಹೋದಳು. ಆಮೇಲೆ ಅಮೆರಿಕದ ಬೋಲ್ಡರ್, ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್. ತರಬೇತಿಯ ಬಹುಪಾಲು ಹೊರಗೇ ಆಯಿತು. ದೂರದ ಶಾಲೆಗೆ ಕಳುಹಿಸುವ ಶಕ್ತಿ ಇರುವ ಮನೆ ಬೇಕಾಯಿತು ಎನ್ನುವುದನ್ನೂ ಹೇಳಬೇಕಲ್ಲವೇ? ಊರಿನಲ್ಲೇ ಉಳಿದು, ಕೆಲಸಕ್ಕೆ ಹೋಗುವ ಮುಂಚೆ ಈಜಿ, ಸಂಜೆ ಮಕ್ಕಳ ಊಟ ಮುಗಿಸಿ ಓಡುವ ಹವ್ಯಾಸಿ ಹೆಂಗಸರ ಕಥೆ ಇನ್ನೊಂದೇ ಇದೆ. ಅದನ್ನು ಯಾವ ಕ್ಯಾಮೆರಾವೂ ಕೂತು ನೋಡಿಲ್ಲ. ಇನ್ನೊಂದು ಮಾತು: ಚಿಕ್ಕವಳಿದ್ದಾಗ ಬ್ರಿಟನ್ ಪರವಾಗಿ ಸ್ಪರ್ಧಿಸಲು ಕರೆ ಬಂದಿತ್ತು, ಒಪ್ಪಲಿಲ್ಲ. ದೊಡ್ಡ ನಾಡಿನ ಸವಲತ್ತು ಬಿಟ್ಟು ಊರ ಹೆಸರು ಉಳಿಸಿಕೊಂಡಳು. ಈ ಒಂದು ನಿರ್ಧಾರ ಎಷ್ಟು ದೊಡ್ಡದು! ಅದಕ್ಕೆ ವಿವರಣೆಯಲ್ಲಿ ಒಂದು ವಾಕ್ಯ ಸಿಕ್ಕಿದರೆ ಹೆಚ್ಚು.

ನನಗೆ ನಿಜವಾಗಿ ತೊಡಕಾದದ್ದು 2008. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಫ್ಲೋರಾ ಸ್ಪರ್ಧೆ ಮುಗಿಸಲೇ ಇಲ್ಲ. ಆಮೇಲೆ ಆಟವನ್ನೇ ಬಿಟ್ಟಳು. ಕೊಲರಾಡೋದಲ್ಲಿ ಓದಲು ಸೇರಿದಳು. ಮತ್ತೆ ಹಿಂತಿರುಗಿದಳು. 2012ರಲ್ಲಿ ಲಂಡನ್ನಿನಲ್ಲಿ ಸೈಕಲ್ಲಿನಿಂದ ಬಿದ್ದು, ಎದ್ದು, 45ನೆಯವಳಾದಳು. 2016ರಲ್ಲಿ ರಿಯೋದಲ್ಲಿ 8ನೆಯವಳು. ಈಗ ಚಿನ್ನದ ಕಡೆಯಿಂದ ಹಿಂದಕ್ಕೆ ನೋಡುವವರಿಗೆ ಇವೆಲ್ಲ ಮೆಟ್ಟಿಲುಗಳು. 2008ರಲ್ಲಿ ಅದು ಮೆಟ್ಟಿಲಾಗಿತ್ತೇ? ಆಗ ಅದು ಬರೀ ಸೋಲು.

ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದ ವರ್ಷಗಳಲ್ಲಿ ಕ್ರೀಡೆಯ ಹೊಣೆ ಸಮಾಜ ಪಾಠ ಮಾಡುವ ನನ್ನ ಕೊರಳಿಗೆ ಬಿದ್ದಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬರಿಗಾಲಿನಲ್ಲಿ 1500 ಮೀಟರ್ ಓಡಿ ತಾಲ್ಲೂಕಿಗೇ ಮೊದಲು ಬಂದಳು. ಜಿಲ್ಲಾ ಮಟ್ಟದಲ್ಲಿ ಕಟ್ಟಕಡೆಯವಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ನಾನು ಕಡಲೆಕಾಯಿ ಪೊಟ್ಟಣ ಕೊಡಿಸಿ, ತಲೆ ಸವರಿ, "ಸಾಕು ಬಿಡು ಮಗಾ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಓದಿಕೋ" ಅಂದೆ. ಪ್ರೀತಿಯಿಂದಲೇ ಅಂದದ್ದು. ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅವಳು ಪಾಸಾದಳು, ಮದುವೆಯಾಯಿತು. ಎಷ್ಟೋ ವರ್ಷದ ಮೇಲೆ ಒಂದು ನಾಮಕರಣದಲ್ಲಿ ಸಿಕ್ಕಾಗ, ಮಗುವನ್ನು ಸೊಂಟ ಬದಲಿಸಿಕೊಳ್ಳುತ್ತ, "ಇನ್ನೊಂದು ವರ್ಷ ಓಡಬಹುದಿತ್ತು ಅನ್ಸುತ್ತೆ ಮಿಸ್" ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎಲೆ ಹಾಕಿದರು, ಊಟಕ್ಕೆ ಎದ್ದೆವು.

ಹಾಗಾಗಿ ಗೆಲುವಿನ ಚಿತ್ರದಲ್ಲಿ ಸೋಲನ್ನು ಎರಡು ಸೆಕೆಂಡು ತೋರಿಸಿ ದಾಟಿಸುವವರ ಮೇಲೆ ನನಗೆ ಮುನಿಸು. ಬಿಟ್ಟವಳನ್ನು ಮತ್ತೆ ಸೈಕಲ್ ಹತ್ತಿಸಿದ್ದು ಏನು, ಆ ನಡುವಿನ ದಿನಗಳಲ್ಲಿ ಯಾರು ಏನು ಅಂದರು, ಯಾರು ಸುಮ್ಮನಿದ್ದರು ಎನ್ನುವುದೇ ನಮ್ಮಂಥ ತಾಯಂದಿರಿಗೆ, ಟೀಚರುಗಳಿಗೆ ಬೇಕಾದ ಪಾಠ. ಅದನ್ನೇ ಕತ್ತರಿಸಿ ಎಸೆದಿದ್ದಾರೆ.

ನೋಡಿದ ಮೂರರಲ್ಲಿ ನನಗೆ ಇಷ್ಟವಾದದ್ದು 2018ರ ಏಪ್ರಿಲ್ 28ರದ್ದು. ವಿಶ್ವ ಮಟ್ಟದ ಸ್ಪರ್ಧೆ ಬರ್ಮುಡಾಕ್ಕೇ ಬಂತು, ಹ್ಯಾಮಿಲ್ಟನ್ ಪಟ್ಟಣದ ಬೀದಿಗಳಲ್ಲೇ ನಡೆಯಿತು. ಏರುದಾರಿ, ಅದನ್ನೇ ಮತ್ತೆ ಮತ್ತೆ ಹತ್ತಬೇಕು. ಫ್ಲೋರಾ ಸೈಕಲ್ ಹಂತದಲ್ಲೇ ಒಬ್ಬಳಾಗಿ ಮುಂದೆ ಹೋಗಿ, ಕೊನೆಯವರೆಗೂ ಒಬ್ಬಳೇ ಇದ್ದು ಗೆದ್ದಳು. ಸ್ಪರ್ಧೆಯಾಗಿ ನೋಡಿದರೆ ಸ್ವಲ್ಪ ಬೇಸರವೇ, ಬೆನ್ನಟ್ಟುವವರು ಹತ್ತಿರವಿಲ್ಲ. ಆದರೆ ಕ್ಯಾಮೆರಾಕ್ಕೆ ಬೇರೆ ದಾರಿ ಇಲ್ಲದೆ ಊರು ಕಾಣುತ್ತದೆ. ಕಟ್ಟೆಯ ಮೇಲೆ ನಿಂತವರು, ಬಾವುಟ ಹಿಡಿದ ಮಕ್ಕಳು, ಹಿಂದೆ ಬಿಳಿ ಮಾಡುಗಳು. ಅದೇ ಕೂಟದಲ್ಲಿ ಸಾಮಾನ್ಯ ಜನರಿಗೂ ಸ್ಪರ್ಧೆ ಇತ್ತು. ಅವರೂ ಅದೇ ಊರಿನ ರಸ್ತೆಯಲ್ಲಿ ಏದುಸಿರು ಬಿಟ್ಟವರೇ. ಹಾಗಾಗಿ ಅಲ್ಲಿ ಕೂಗಿ ಹುರಿದುಂಬಿಸಿದವರಿಗೆ ಆ ಏರಿನಲ್ಲಿ ತೊಡೆ ಹೇಗೆ ಉರಿಯುತ್ತದೆಂದು ಗೊತ್ತು. ಆ ಚಿತ್ರದೊಳಗೆ ದ್ವೀಪ ಪುಟ್ಟದಾಗಿ ಕಾಣಲಿಲ್ಲ, ಊರಿನಷ್ಟೇ ಇತ್ತು.

2024ರಲ್ಲಿ ಪ್ಯಾರಿಸ್ಸಿನಲ್ಲಿ ಫ್ಲೋರಾ ಐದನೆಯವಳಾದಳು. ಮೊಣಕಾಲಿನ ಪೆಟ್ಟಿನಿಂದ ಎದ್ದು ಬಂದು, 36ರ ವಯಸ್ಸಿನಲ್ಲಿ ಐದನೆಯವಳು! ಅದರ ಸುದ್ದಿ ನನಗೆ ಹುಡುಕಿದರೆ ಮಾತ್ರ ಸಿಕ್ಕಿತು.

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯರಿಗೆ ಟೋಕಿಯೋದ ಓಟ ತೋರಿಸಿದೆ, ಧ್ವನಿ ಆರಿಸಿಯೇ. ಕಥೆಯನ್ನು ನಾನು ಹೇಳಿದೆ, 2008ರಿಂದ ಶುರುಮಾಡಿ. ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೈ ಎತ್ತಿ ಕೇಳಿದಳು: "ಅವ್ಳು ಬೀಜಿಂಗಲ್ಲಿ ಸೋತು ವಾಪಸ್ ಬಂದಾಗ ಅವ್ಳ ಮಿಸ್ಸು ಏನಂದ್ರು ಮಿಸ್?"

ಬೆಲ್ ಹೊಡೆಯಿತು. ನಾಳೆ ಹೇಳುತ್ತೇನೆ ಅಂದೆ.