ಅಗ್ಗದ ಲೋಹ, ದುಬಾರಿ ಲೆಕ್ಕ

ಕಬ್ಬಾಳಿನಿಂದ ಸಾತನೂರು, ಕನಕಪುರ ಹಾದು ಬೆಂಗಳೂರಿನ ಕಡೆ ಹೊರಟರೆ ದಾರಿಯಲ್ಲಿ ಎರಡು ಬಗೆಯ ರಸಾಯನಶಾಸ್ತ್ರ ಅಕ್ಕಪಕ್ಕದಲ್ಲೇ ಸಿಗುತ್ತವೆ. ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ನ್ಯಾನೊ ಮತ್ತು ವಸ್ತು ವಿಜ್ಞಾನ ಕೇಂದ್ರವಿದೆ. ಹಾರೋಹಳ್ಳಿಯಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳೂ ಸೇರಿದಂತೆ ದೊಡ್ಡ ಕೈಗಾರಿಕಾ ಪ್ರದೇಶವಿದೆ. ಜಕ್ಕಸಂದ್ರದಂಥ ಪ್ರಯೋಗಾಲಯಗಳು ಕರ್ನಾಟಕದಲ್ಲಿ ಈಗ ಹಲವು. ವೇಗವರ್ಧಕದ ಸಂಶೋಧನೆಯಲ್ಲಿ ಅವುಗಳಿಗೆ ಪ್ರಿಯವಾದ ಒಂದು ದಾರಿ ಎಂದರೆ ಪಲ್ಲಾಡಿಯಂ ಬಿಟ್ಟು ನಿಕ್ಕಲ್, ತಾಮ್ರ, ಕಬ್ಬಿಣ, ಕೋಬಾಲ್ಟ್‌ಗಳಿಂದ ಕೆಲಸ ಮಾಡಿಸುವುದು; ಆಗದಿದ್ದರೆ ಮ್ಯಾಗ್ನೆಟೈಟ್ ಕಣಗಳ ಮೇಲೆ ಚಿಟಿಕೆಯಷ್ಟು ಪಲ್ಲಾಡಿಯಂ ಕೂರಿಸಿ ಮತ್ತೆ ಮತ್ತೆ ಬಳಸುವುದು. ಗುರಿಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅಳತೆಗೋಲಿನ ಬಗ್ಗೆ. ಲೋಹದ ಗ್ರಾಂ ಬೆಲೆಯನ್ನು ಮುಂದಿಟ್ಟು ‘ಅಗ್ಗದ ವಿಧಾನ’ ಎಂದು ಘೋಷಿಸುವ ರೂಢಿ ಈ ಕ್ಷೇತ್ರದ ಇಡೀ ಬರವಣಿಗೆಯನ್ನು ಹಗುರ ಮಾಡಿದೆ.

ಅಗ್ಗದ ಲೋಹ ನಿಜವಾಗಿ ಗೆದ್ದದ್ದು ಹೇಗೆಂದು ನೋಡಬೇಕಾದರೆ ಮಂಗಳೂರಿನ ಪಣಂಬೂರಿಗೆ ಹೋಗಬೇಕು. ಅಲ್ಲಿನ ಗೊಬ್ಬರ ಕಾರ್ಖಾನೆ 1970ರ ದಶಕದಿಂದ ಅಮೋನಿಯಾ ಮಾಡುತ್ತಿದೆ, ಆ ಅಮೋನಿಯಾದಿಂದ ಯೂರಿಯಾ. 1909ರಲ್ಲಿ ಫ್ರಿಟ್ಸ್ ಹೇಬರ್ ಸಾರಜನಕ ಮತ್ತು ಜಲಜನಕಗಳನ್ನು ಕೂಡಿಸಿ ತೋರಿಸಿದಾಗ ಅವರ ಕೈಯಲ್ಲಿದ್ದದ್ದು ಆಸ್ಮಿಯಂ. ಜಗತ್ತಿನಲ್ಲೇ ಅಪರೂಪವಾದ ಆ ಲೋಹವನ್ನು ನಂಬಿ ಕಾರ್ಖಾನೆ ಕಟ್ಟಲಾಗದೆಂದು ಬಿಎಎಸ್‌ಎಫ್ ಕಂಪನಿಯ ಆಲ್ವಿನ್ ಮಿಟಾಷ್ ತಂಡ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿ, ಸ್ವೀಡನ್ನಿನ ಮ್ಯಾಗ್ನೆಟೈಟ್ ಅದಿರಿನ ಒಂದು ಮಾದರಿ ಚೆನ್ನಾಗಿ ಓಡಿದ ಸುಳಿವು ಹಿಡಿದು, ಅಲ್ಯುಮಿನಾ ಮತ್ತು ಪೊಟ್ಯಾಷಿಯಂ ಬೆರೆತ ಕಬ್ಬಿಣಕ್ಕೆ ಬಂದು ನಿಂತಿತು. 1913ರಲ್ಲಿ ಓಪಾವು ಕಾರ್ಖಾನೆ ಶುರುವಾಯಿತು. ನೂರು ವರ್ಷ ಕಳೆದರೂ ಅಮೋನಿಯಾ ಕಾರ್ಖಾನೆಗಳಲ್ಲಿ ಆ ಪಾಕವೇ ಬಹುಪಾಲು ನಡೆದುಬಂದಿದೆ. ಒಮ್ಮೆ ತುಂಬಿದ ಕಬ್ಬಿಣ ಹತ್ತು ವರ್ಷ ಬಾಳುವುದು ಸಾಮಾನ್ಯ. ಕುದುರೆಮುಖದ ಮ್ಯಾಗ್ನೆಟೈಟನ್ನು ಉಂಡೆ ಕಟ್ಟುತ್ತಿದ್ದ ಘಟಕವೂ ಇದೇ ಪಣಂಬೂರಿನಲ್ಲಿರುವುದು ಬರೀ ಕಾಕತಾಳೀಯ. ಆದರೂ ಒಂದೇ ಅದಿರು ಒಂದು ಕಡೆ ಟನ್ನುಗಟ್ಟಲೆ ಸರಕು, ಇನ್ನೊಂದು ಕಡೆ ನೂರು ವರ್ಷದ ವಿದ್ಯೆಯ ಸಾರ. ಕಬ್ಬಿಣ ಅಲ್ಲಿ ನಿಂತದ್ದು ಬೆಲೆ ಕಡಿಮೆ ಎಂಬ ಒಂದೇ ಬಲದಿಂದಲ್ಲ. ಅದು ವರ್ಷಗಟ್ಟಲೆ ಸಾಯದೆ ದುಡಿಯಿತು, ದುಬಾರಿ ಸಹಾಯಕ ಬೇಡಲಿಲ್ಲ, ಅನಿಲದ ಜೊತೆ ಹರಿದುಹೋಗಲಿಲ್ಲ.

ಈಗ ಔಷಧದ ಅಣುಗಳನ್ನು ಬೆಸೆಯುವ ಕೆಲಸಕ್ಕೆ ಬನ್ನಿ. 2010ರಲ್ಲಿ ಹೆಕ್, ನೆಗಿಶಿ, ಸುಝುಕಿಯವರಿಗೆ ನೊಬೆಲ್ ತಂದ ಪಲ್ಲಾಡಿಯಂ ಬೆಸುಗೆ ರಕ್ತದೊತ್ತಡದ ಲೋಸಾರ್ಟಾನ್ ಮಾತ್ರೆಯ ತಯಾರಿಕೆಗೂ ಬಳಕೆಯಾಗಿದೆ. ಪಲ್ಲಾಡಿಯಂ ಗ್ರಾಂಗೆ ಸಾವಿರಾರು ರೂಪಾಯಿ. ನಿಕ್ಕಲ್ ಕಿಲೋಗೇ ಒಂದೂವರೆ ಸಾವಿರದ ಆಸುಪಾಸು. ಇಷ್ಟು ಹೇಳಿದರೆ ವಾದ ಮುಗಿದಂತೆ ಕಾಣುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ತಯಾರಾಗುವ ವಸ್ತುವಿನ ಅಣುತೂಕ 200 ಎಂದಿಟ್ಟುಕೊಳ್ಳಿ. ಒಂದು ಕಿಲೋ ಎಂದರೆ 5 ಮೋಲ್. ಚೆನ್ನಾಗಿ ಪಳಗಿಸಿದ ಪಲ್ಲಾಡಿಯಂ ವಿಧಾನ ಶೇಕಡಾ 0.01 ಮೋಲ್‌ನಲ್ಲಿ ನಡೆಯಬಲ್ಲದು, ಅಂದರೆ ಕಿಲೋಗೆ 53 ಮಿಲಿಗ್ರಾಂ ಲೋಹ. ನಿಕ್ಕಲ್ ಪ್ರಬಂಧಗಳಲ್ಲಿ ಶೇಕಡಾ 5 ಮೋಲ್ ತೀರ ಮಾಮೂಲು; ಕಿಲೋಗೆ ಹತ್ತಿರ ಹತ್ತಿರ 15 ಗ್ರಾಂ. ಇಷ್ಟಾದರೂ ನಿಕ್ಕಲ್ಲೇ ಅಗ್ಗ, ನಿಜ. ಆದರೆ ನಿಕ್ಕಲ್ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆ ಶೇಕಡಾ 10 ಮೋಲ್ ಟ್ರೈಸೈಕ್ಲೋಹೆಕ್ಸೈಲ್ ಫಾಸ್ಫೀನ್ ಎಂಬ ಸಹಾಯಕವನ್ನು (ಲಿಗಾಂಡ್) ಹಾಕಿದರೆ ಕಿಲೋ ಉತ್ಪನ್ನಕ್ಕೆ 140 ಗ್ರಾಂ ಫಾಸ್ಫೀನ್ ಬೇಕು. ಅದು ಗಾಳಿಗೆ ಕೆಡುತ್ತದೆ, ಉತ್ಪನ್ನದಿಂದ ಬೇರ್ಪಡಿಸಬೇಕು, ಕೊನೆಗೆ ಕಸವಾಗುತ್ತದೆ. ಇದ್ದಿಲಿನ ಮೇಲಿನ ಪಲ್ಲಾಡಿಯಂ ಬಾಟಲಿಯಲ್ಲಿ ಕಪಾಟಿನಲ್ಲಿರುತ್ತದೆ. ಸೊನ್ನೆ ಉತ್ಕರ್ಷಣ ಸ್ಥಿತಿಯ ನಿಕ್ಕಲ್ ಸಂಯುಕ್ತಗಳಲ್ಲಿ ಹಲವಕ್ಕೆ ಆಮ್ಲಜನಕವಿಲ್ಲದ ಪೆಟ್ಟಿಗೆ ಬೇಕು. ಆ ಪೆಟ್ಟಿಗೆಯ ಖರ್ಚು ಲೋಹದ ಬೆಲೆಯ ಸಾಲಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಎರಡನೆಯ ತೊಂದರೆ ಪರೀಕ್ಷೆಗಳದ್ದು. ಹೊಸ ಲೋಹದ ಪುಡಿ ಸಿದ್ಧವಾದ ಕೂಡಲೇ ಅದನ್ನು ನೈಟ್ರೋಫಿನಾಲ್ ದ್ರಾವಣಕ್ಕೆ ಸೋಡಿಯಂ ಬೋರೋಹೈಡ್ರೈಡ್ ಜೊತೆ ಹಾಕುತ್ತಾರೆ. ಹಳದಿ ಬಣ್ಣ ಕೆಲವೇ ನಿಮಿಷದಲ್ಲಿ ಮಾಯ, ಬೆಳಕು ಹೀರುವಿಕೆಯ ನಕ್ಷೆಯಲ್ಲಿ 400 ನ್ಯಾನೊಮೀಟರಿನ ಏರು ತಗ್ಗಿಹೋಗುತ್ತದೆ. ನೋಡಲು ಚೆಂದ. ಆದರೆ ಎಷ್ಟೋ ಲೋಹಗಳು ಸುಲಭವಾಗಿ ದಾಟುವ ಹೊಸಿಲು ಅದು. ಅದನ್ನು ದಾಟಿದ ಪುಡಿಗಳಲ್ಲಿ ಕಾರ್ಖಾನೆಗೆ ಯಾವುದು ಬೇಕೆಂದು ಅದರಿಂದ ತಿಳಿಯದು. ಇನ್ನೊಂದು ಪ್ರದರ್ಶನ ಅಯಸ್ಕಾಂತದ್ದು: ಗಾಜಿನ ಹೊರಗೆ ಹಿಡಿದರೆ ಕಪ್ಪು ಪುಡಿಯೆಲ್ಲ ಒಂದು ಮಗ್ಗುಲಿಗೆ ಅಂಟುತ್ತದೆ, ತಿಳಿ ದ್ರವ ಬಗ್ಗಿಸಿಕೊಳ್ಳಬಹುದು. ಐದಾರು ಸಲ ಹೀಗೆ ಬಳಸಿದೆವು ಎಂಬ ಸ್ತಂಭಚಿತ್ರ ಆಮೇಲೆ ಬರುತ್ತದೆ. ಪುಡಿ ಮರಳಿ ಸಿಕ್ಕಿತು, ಸರಿ. ದ್ರವದೊಳಗೆ ಕರಗಿಹೋದ ಲೋಹವೆಷ್ಟು? ಬೆಸುಗೆ ಮಾಡಿದ್ದು ಪುಡಿಯೋ, ಕರಗಿದ ಭಾಗವೋ? ಈ ಪ್ರಶ್ನೆ ಎಷ್ಟು ಗಂಭೀರ ಎನ್ನಲು ರಸಾಯನಶಾಸ್ತ್ರದ ದೊಡ್ಡ ಹೆಸರುಗಳದ್ದೇ ನಿದರ್ಶನವಿದೆ. 2003ರಲ್ಲಿ ಲೋಹವೇ ಇಲ್ಲದೆ ಸುಝುಕಿ ಬೆಸುಗೆಯಾಯಿತೆಂದು ಪ್ರಕಟಿಸಿದ ಲೆಡ್‌ಬೀಟರ್ ತಂಡವೇ 2005ರಲ್ಲಿ ಕಾರಣ ಹುಡುಕಿತು: ಬಳಸಿದ ಸೋಡಿಯಂ ಕಾರ್ಬೊನೇಟಿನಲ್ಲಿ ಶತಕೋಟಿಗೆ 50 ಭಾಗದಷ್ಟು ಪಲ್ಲಾಡಿಯಂ ಇತ್ತು. 2009ರಲ್ಲಿ ಬುಕ್‌ವಾಲ್ಡ್ ಮತ್ತು ಬೋಲ್ಮ್, ಕಬ್ಬಿಣದ ಹೆಸರಿನಲ್ಲಿ ಹೆಸರುವಾಸಿಯಾಗಿದ್ದ ಕೆಲವು ಬೆಸುಗೆಗಳ ಹಿಂದೆ ತಾಮ್ರದ ಕಲಬೆರಕೆಯ ಕೈವಾಡವಿದೆಯೆಂದು ತೋರಿಸಿದರು. ಅವರಲ್ಲಿ ಬೋಲ್ಮ್ ತಮ್ಮದೇ ಕೆಲಸವನ್ನು ಮತ್ತೆ ಒರೆಗೆ ಹಚ್ಚಿದರು; ಅಂಥ ಪ್ರಾಮಾಣಿಕತೆ ಅಪರೂಪ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಲೋಹ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು. ಔಷಧದಲ್ಲಿ ಉಳಿಯಬಹುದಾದ ಲೋಹಕ್ಕೆ ಅಂತರರಾಷ್ಟ್ರೀಯ ಮಿತಿಗಳಿವೆ: ಬಾಯಿಯಿಂದ ಸೇವಿಸುವ ಮಾತ್ರೆಗೆ ದಿನಕ್ಕೆ ಪಲ್ಲಾಡಿಯಂ 100 ಮೈಕ್ರೋಗ್ರಾಂ, ತಾಮ್ರ 3000, ಕೋಬಾಲ್ಟ್ ಬರೀ 50. ಅಗ್ಗದ ಕೋಬಾಲ್ಟಿಗೆ ದುಬಾರಿ ಪಲ್ಲಾಡಿಯಂಗಿಂತ ಬಿಗಿ ಮಿತಿ! ಅದನ್ನು ತೆಗೆಯುವ ಶುದ್ಧೀಕರಣಕ್ಕೂ ದುಡ್ಡು ಬೇಕು. ಇನ್ನು ಕಾರ್ಖಾನೆಯ ಕೊಳೆ. ಪಲ್ಲಾಡಿಯಂ ದುಬಾರಿ ಎಂಬ ಕಾರಣಕ್ಕೇ ಅದರ ಬೂದಿಯನ್ನೂ ಯಾರೂ ಚೆಲ್ಲುವುದಿಲ್ಲ; ಸೋಸಿದ ಇದ್ದಿಲು ಕಟ್ಟಿ ಲೋಹ ತೆಗೆಯುವವರಿಗೆ ಕಳಿಸುತ್ತಾರೆ. ಕಿಲೋಗೆ 15 ಗ್ರಾಂ ನಿಕ್ಕಲನ್ನು ಮರಳಿ ಹಿಡಿಯಲು ಯಾರಿಗೆ ಲಾಭ? ನಿಕ್ಕಲ್ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿವೆ. ಬೆಂಗಳೂರಿನ ಕೊಳೆ ಹೊತ್ತು ಬೈರಮಂಗಲ ಕೆರೆ ಹಾದು ಬರುವ ವೃಷಭಾವತಿ ಕನಕಪುರದ ಸೀಮೆಯಲ್ಲಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಈಗಾಗಲೇ ನಲುಗಿರುವ ಈ ನೀರಿನ ಪಕ್ಕದಲ್ಲಿ ಕುಳಿತು ‘ಅಗ್ಗ’ ಎನ್ನುವವರು ಆ ಅಗ್ಗದ ಲೋಹವನ್ನು ಹಿಡಿದಿಡುವ ಖರ್ಚನ್ನೂ ಸೇರಿಸಿ ಹೇಳಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದದ್ದು. ಪಲ್ಲಾಡಿಯಂ ಹೆಚ್ಚಾಗಿ ಬರುವುದು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದಿಂದ. 2022ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ಬಿಸಿಗೆ ಅದರ ಬೆಲೆ ಔನ್ಸಿಗೆ 3000 ಡಾಲರ್ ದಾಟಿತ್ತು. ಅಂಥ ಲೋಹಕ್ಕೆ ಜೋತುಬೀಳುವುದು ಜಾಣತನವೇ? ಅಲ್ಲ. ಆದರೆ ಅವಲಂಬನೆ ತಗ್ಗಿಸಲು ಲೋಹವನ್ನು ಬದಲಿಸುವುದೊಂದೇ ದಾರಿಯಲ್ಲ, ಅದರ ಪ್ರಮಾಣವನ್ನು ಇಳಿಸಬಹುದು. ರಸಾಯನಶಾಸ್ತ್ರಜ್ಞ ಲಿಪ್‌ಶುಟ್ಜ್ ಅವರ ತಂಡ 2015ರಲ್ಲಿ ಕಬ್ಬಿಣದ ಕಣಗಳಲ್ಲಿ ದಶಲಕ್ಷಕ್ಕೆ ಕೆಲವು ನೂರು ಭಾಗದಷ್ಟು ಪಲ್ಲಾಡಿಯಂ ಇಟ್ಟು ನೀರಿನಲ್ಲೇ ಬೆಸುಗೆ ಮಾಡಿತು. ಮ್ಯಾಗ್ನೆಟೈಟ್ ಮೇಲೆ ಪಲ್ಲಾಡಿಯಂ ಕೂರಿಸುವ ನಮ್ಮವರ ಕೆಲಸವೂ ಅದರ ಪಕ್ಕದ ದಾರಿಯದೇ, ಕರಗಿಹೋಗುವ ಲೋಹದ ಲೆಕ್ಕ ಕೊಟ್ಟರೆ. ಇನ್ನು ನಿಕ್ಕಲ್ ಪರವಾದ ಬಲವಾದ ಮಾತು ಬೆಲೆಯದಲ್ಲ: ಪಲ್ಲಾಡಿಯಂ ಮುಟ್ಟಲು ಹಿಂಜರಿಯುವ ಇಂಗಾಲ-ಆಮ್ಲಜನಕ ಬಂಧಗಳನ್ನು ಅದು ಒಡೆಯಬಲ್ಲದು. ಆ ಮಾತನ್ನು ಮುನ್ನುಡಿಯ ಮೊದಲ ಸಾಲಿಗೆ ತರುವವರು ಕಡಿಮೆ.

ಸಂಶೋಧನಾ ವಿದ್ಯಾರ್ಥಿ ಕಾರ್ಖಾನೆ ನಡೆಸಬೇಕೇ ಎಂಬುದು ಇನ್ನೊಂದು ಆಕ್ಷೇಪ. ಬೇಡ. ಆದರೆ ಕಾರ್ಖಾನೆ ಕೇಳುವ ಪ್ರಶ್ನೆಗೆ ಉತ್ತರ ಕೊಡುವ ಅಂಕಿಗಳನ್ನು ಬರೆಯಲು ಕಾರ್ಖಾನೆ ಬೇಕಿಲ್ಲ. ಐಬುಪ್ರೊಫೆನ್ ತಯಾರಿಕೆಯನ್ನು ಆರು ಹಂತದಿಂದ ಮೂರಕ್ಕಿಳಿಸಿದ, 1990ರ ದಶಕದ ಹೆಸರಾಂತ ವಿಧಾನವನ್ನು ನೋಡಿ: ಜಲಜನಕ ಸೇರಿಸುವ ಹಂತಕ್ಕೆ ಅಗ್ಗದ ರೇನಿ ನಿಕ್ಕಲ್, ಕಾರ್ಬನ್ ಮಾನಾಕ್ಸೈಡ್ ಸೇರಿಸುವ ಹಂತಕ್ಕೆ ದುಬಾರಿ ಪಲ್ಲಾಡಿಯಂ. ಒಂದೇ ಸಾಲಿನಲ್ಲಿ ಎರಡೂ ಇವೆ, ಏಕೆಂದರೆ ಹಾಳಾಗುವ ವಸ್ತು ಎಷ್ಟು ಕಡಿಮೆಯಾಯಿತು ಎಂಬುದೇ ಅಲ್ಲಿನ ಲೆಕ್ಕ. ಜಕ್ಕಸಂದ್ರದ ಮುಂದಿನ ಪ್ರಬಂಧವೊಂದು ಗ್ರಾಂ ಲೋಹಕ್ಕೆ ಸಿಕ್ಕ ಉತ್ಪನ್ನದ ಕಿಲೋ, ಲಿಗಾಂಡಿನ ತೂಕ, ಉತ್ಪನ್ನದಲ್ಲೂ ಕೊಳೆನೀರಿನಲ್ಲೂ ಉಳಿದ ಲೋಹ, ಇಷ್ಟನ್ನು ಒಂದೇ ಕೋಷ್ಟಕದಲ್ಲಿ ಕೊಟ್ಟರೆ ಹಾರೋಹಳ್ಳಿಯ ಉತ್ಪಾದನಾ ಎಂಜಿನಿಯರು ಅದನ್ನು ಕೊನೆಯವರೆಗೂ ಓದುತ್ತಾರೆ.