ಇಂಗ್ಲಿಷಿನಲ್ಲಿ ನಡುವಣವನ ಹೆಸರುಗಳು

ಇಬ್ಬರ ನಡುವೆ ನಿಂತು ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸುವವನಿಲ್ಲದೆ ಯಾವ ಸಮಾಜದ ವ್ಯವಹಾರವೂ ಸಾಗದು. ವಿವಾಹ, ವ್ಯಾಪಾರ, ವ್ಯಾಜ್ಯ, ಸಂಧಿ, ಭಾಷಾಂತರ ಇವೆಲ್ಲವೂ ಮೂರನೆಯವನೊಬ್ಬನನ್ನು ಬೇಡುತ್ತವೆ. ಆ ಮೂರನೆಯವನನ್ನು ಒಂದು ಭಾಷೆ ಯಾವ ಹೆಸರಿನಿಂದ ಕರೆಯುತ್ತದೆ ಎಂಬುದರಿಂದ ಆ ಭಾಷೆಯ ಜನ ಅವನನ್ನು ಯಾವ ದೃಷ್ಟಿಯಿಂದ ಕಂಡರೆಂಬುದು ವ್ಯಕ್ತವಾಗುತ್ತದೆ. ಇಂಗ್ಲಿಷಿನಲ್ಲಿ ಈ ಅರ್ಥದ ಪದಗಳು ಹೇರಳವಾಗಿವೆ. ನಾವಾದರೋ ಅನುವಾದಿಸುವಾಗ 'ಮಧ್ಯಸ್ಥ', 'ಮಧ್ಯವರ್ತಿ', 'ದಲ್ಲಾಳಿ' ಎಂಬ ಮೂರನ್ನೇ ತಿರುಗಿಸಿ ಮುರುಗಿಸಿ ಬಳಸಿ ತೃಪ್ತರಾಗುತ್ತೇವೆ. ಇಂಗ್ಲಿಷ್ ಪದಗಳೊಳಗಿನ ತಾರತಮ್ಯವನ್ನು ಪರಿಶೀಲಿಸಿ, ಎರಡು ಮೂರು ಕೃತಿಗಳ ಮೇಲೆ ಅದನ್ನು ಒರೆಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವ್ಯುತ್ಪತ್ತಿಯಿಂದ ಈ ಪದಗಳು ಮೂರು ಗುಂಪಾಗುತ್ತವೆ. ಮೊದಲನೆಯದು ಸ್ಥಾನವನ್ನು ಹೇಳುವಂಥದು: 'ಮೀಡಿಯೇಟರ್', 'ಮೀಡಿಯಂ', 'ಇಂಟರ್ಮೀಡಿಯರಿ'. ಇವುಗಳ ಮೂಲವಾದ ಲ್ಯಾಟಿನಿನ 'ಮೀಡಿಯಸ್' ನಮ್ಮ 'ಮಧ್ಯ' ಶಬ್ದದ ಜ್ಞಾತಿಯೇ. ಎರಡನೆಯದು ಸಂಖ್ಯೆಯನ್ನು ಹೇಳುವಂಥದು. ಕ್ರಿಕೆಟಿನಿಂದ ನಮ್ಮ ಮಕ್ಕಳಿಗೂ ಪರಿಚಿತವಾದ 'ಅಂಪೈರ್' ಹಳೆಯ ಫ್ರೆಂಚಿನ 'ನಾನ್‌ಪೇರ್' ಎಂಬುದರಿಂದ ಬಂದಿತು. ಜೋಡಿಯಿಲ್ಲದವನು, ಬೆಸಸಂಖ್ಯೆಯವನು ಎಂದು ಅದರ ಅರ್ಥ. ಮೊದಲ 'ನ'ಕಾರ ಹಿಂದಿನ ಉಪಪದಕ್ಕೆ ಅಂಟಿಕೊಂಡು ಲೋಪವಾಯಿತು. ಮೂರನೆಯದು ಚಲನೆಯನ್ನು ಹೇಳುವಂಥದು: 'ಇಂಟರ್ಸೀಡ್', 'ಇಂಟರ್ವೀನ್', 'ಗೋ-ಬಿಟ್ವೀನ್'.

ವಿಮರ್ಶಕನಿಗೆ ಕುತೂಹಲ ಹುಟ್ಟಿಸುವುದು ಈ ಮೂರನೆಯ ಗುಂಪು. 'ಇಂಟರ್ಸೀಡ್' ಎಂದರೆ ಅಕ್ಷರಶಃ ನಡುವೆ ಹೋಗು. 'ಗೋ-ಬಿಟ್ವೀನ್' ಎಂದರೂ ನಡುವೆ ಹೋಗುವವನೇ. ಅರ್ಥ ಒಂದೇ ಆದರೂ ಗೌರವ ಒಂದೇ ಆಗಲಿಲ್ಲ. ಲ್ಯಾಟಿನ್ ಉಡುಪಿನ ಪದ ದೇವಾಲಯವನ್ನು ಹೊಕ್ಕಿತು: ಸಂತರು ಭಕ್ತರ ಪರವಾಗಿ ದೇವರಲ್ಲಿ 'ಇಂಟರ್ಸೀಡ್' ಮಾಡುತ್ತಾರೆ, 1611ರ ಇಂಗ್ಲಿಷ್ ಬೈಬಲಿನಲ್ಲಿ ಕ್ರಿಸ್ತನೇ ದೇವರಿಗೂ ಮನುಷ್ಯರಿಗೂ 'ಮೀಡಿಯೇಟರ್'. ಮನೆಮಾತಿನ ಪದವಾದರೋ ಹಿತ್ತಿಲ ಬಾಗಿಲಲ್ಲಿಯೇ ಉಳಿಯಿತು. ಶೇಕ್ಸ್‌ಪಿಯರನ 'ಮೆರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ ಫಾಲ್‌ಸ್ಟಾಫ್ 'ಗೋ-ಬಿಟ್ವೀನ್' ಎಂಬ ಪದವನ್ನು ಬಳಸುವುದು, ಪರಸ್ತ್ರೀಯ ಸಂದೇಶವನ್ನು ತನಗೆ ತಂದ ಹೆಂಗಸನ್ನು ಕುರಿತು.

ಒಬ್ಬ ವ್ಯಕ್ತಿಯ ಹೆಸರೇ ಬೈಗುಳಾದ ಉದಾಹರಣೆ 'ಪ್ಯಾಂಡರ್' ಎಂಬ ಪದ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರ್ ಬರೆದ 'ಟ್ರಾಯ್ಲಸ್ ಅಂಡ್ ಕ್ರಿಸೈಡ್' ಕಾವ್ಯದ ಪ್ಯಾಂಡರಸ್ ನಾಯಕನಿಗೆ ಗೆಳೆಯ, ನಾಯಿಕೆಗೆ ಸೋದರಮಾವ. ಬೊಕ್ಯಾಚಿಯೋವಿನ ಮೂಲದಲ್ಲಿ ಅವನು ಅವಳ ದಾಯಾದಿ ಸಹೋದರನಷ್ಟೆ. ಅವನನ್ನು ಹಿರಿಯನನ್ನಾಗಿ ಮಾಡಿ ಚಾಸರ್ ಸಂಬಂಧವನ್ನು ಇನ್ನಷ್ಟು ತೊಡಕುಗೊಳಿಸಿದ್ದಾನೆ. ಮೂರನೆಯ ಸರ್ಗದಲ್ಲಿ ಪ್ಯಾಂಡರಸ್ ತಾನು ಗೆಳೆಯನಿಗಾಗಿ ಎಂತಹ 'ಮೀನ್' ಆಗಿಬಿಟ್ಟೆನೆಂದು ಅಳುಕುತ್ತಾನೆ. 'ಮೀಡಿಯಸ್' ವಂಶದ್ದೇ ಆದ ಈ ಪದಕ್ಕೆ ನಡುವಣವನು, ಸಾಧನ ಎಂಬ ಎರಡು ಅರ್ಥಗಳೂ ಇದ್ದವು. ಮನುಷ್ಯನು ಸಾಧನವಾಗಿಬಿಡುವ ಭಯವನ್ನು ಆ ಒಂದೇ ಪದ ಹಿಡಿದಿಟ್ಟಿದೆ. ಸುಮಾರು 1602ರ ಶೇಕ್ಸ್‌ಪಿಯರನ ನಾಟಕಕ್ಕೆ ಬರುವಷ್ಟರಲ್ಲಿ ಈ ಅಳುಕು ಅಳಿದಿದೆ. ಅಲ್ಲಿ ಪ್ಯಾಂಡರಸ್ ಮುಂದಿನ ಇಂತಹವರೆಲ್ಲರಿಗೂ ತನ್ನ ಹೆಸರೇ ಇರಲೆಂದು ನುಡಿಯುತ್ತಾನೆ. ಪ್ರೇಕ್ಷಕರಿಗೆ ಆ ಪದ ಆಗಲೇ ಬೈಗುಳಾಗಿತ್ತಾದ್ದರಿಂದ ಪಾತ್ರ ತನ್ನ ಶಾಪವನ್ನು ತಾನೇ ಓದಿಕೊಂಡಂತಾಗುತ್ತದೆ.

ಇಂಡಿಯಾಕ್ಕೆ ಬಂದ ಇಂಗ್ಲಿಷರು ನಮ್ಮ ಪದಗಳಿಗೂ ಇದೇ ಗತಿಯನ್ನು ತಂದರು. 'ದುಭಾಷಿ' ಎಂಬುದು ಎರಡು ಭಾಷೆ ಬಲ್ಲವನೆಂಬ ನಿರ್ಮಲವಾದ ವಿದ್ಯಾವಾಚಕ. ಅದು 'ದುಬಾಶ್' ಆಗಿ, ಮದರಾಸಿನ ಇಂಗ್ಲಿಷ್ ಬರವಣಿಗೆಯಲ್ಲಿ ಲೋಭಕ್ಕೂ ಒಳಸಂಚಿಗೂ ಪರ್ಯಾಯವಾಯಿತು. ಇಂಡಿಯಾವನ್ನು ಕಾಣದ ವಾಲ್ಟರ್ ಸ್ಕಾಟ್ 1827ರಲ್ಲಿ ಹೈದರಾಲಿಯ ಕಾಲವನ್ನು ಕುರಿತು ಬರೆದ 'ದಿ ಸರ್ಜನ್ಸ್ ಡಾಟರ್' ಕಥೆಯಲ್ಲಿ ಪಾಪಯ್ಯನೆಂಬ ದುಭಾಷಿ ಕುಟಿಲತೆಯ ಮೂರ್ತಿಯೇ ಆಗಿದ್ದಾನೆ. ಇದರ ಕಾರಣ ಊಹಿಸಲು ಕಷ್ಟವಲ್ಲ. ಒಡೆಯನಿಗೆ ನಾಡಿನ ಭಾಷೆ ತಿಳಿಯದಷ್ಟೂ ದುಭಾಷಿಯ ಅವಲಂಬನ ಹೆಚ್ಚು. ಅವಲಂಬನ ಹೆಚ್ಚಿದಷ್ಟೂ ಶಂಕೆ ಹೆಚ್ಚು. ಪಾಂಡಿಚೇರಿಯಲ್ಲಿ ಡ್ಯೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ ತಮಿಳಿನಲ್ಲಿ ಬರೆದಿಟ್ಟ ದಿನಚರಿಯನ್ನು ಓದಿದವರಿಗೆ ಆ ಸ್ಥಾನದ ಮತ್ತೊಂದು ಮುಖ, ಒಳಗಿನಿಂದ ಕಂಡ ಮುಖ, ತಿಳಿಯುತ್ತದೆ. ಮುಂಬಯಿಯ ಪಾರಸಿಗಳಲ್ಲಿ ದುಬಾಶ್ ಎಂಬುದು ಇಂದಿಗೂ ಮಾನ್ಯ ಕುಲನಾಮ.

ಈ ಎರಡು ಬಗೆಯ ಹೆಸರುಗಳನ್ನು ಎದುರುಬದುರಾಗಿ ನಿಲ್ಲಿಸಿದ ಕೃತಿ ಎಲ್. ಪಿ. ಹಾರ್ಟ್ಲಿಯ ಕಾದಂಬರಿ 'ದಿ ಗೋ-ಬಿಟ್ವೀನ್' (1953). 1900ರ ಬೇಸಿಗೆಯಲ್ಲಿ ಶ್ರೀಮಂತರ ಮನೆಗೆ ಅತಿಥಿಯಾಗಿ ಬಂದ ಲಿಯೋ ಎಂಬ ಬಾಲಕ, ಆ ಮನೆಯ ಮಗಳು ಮೇರಿಯನ್ನಳಿಗೂ ರೈತ ಟೆಡ್ಡನಿಗೂ ನಡುವೆ ಓಲೆಗಳನ್ನು ಹೊರುತ್ತಾನೆ. ಅವಳನ್ನು ವರಿಸಲಿರುವ ಟ್ರಿಮಿಂಗ್‌ಹಮ್ ಪ್ರಭು ಹುಡುಗನಿಗೆ ದೇವದೂತನಾದ ಮರ್ಕ್ಯುರಿಯ ಹೆಸರನ್ನಿಡುತ್ತಾನೆ, ಹುಡುಗ ಹಿಗ್ಗುತ್ತಾನೆ. ಲ್ಯಾಟಿನ್ ಹೆಸರು ಪ್ರಭುವಿನ ಬಾಯಲ್ಲಿ, ಇಂಗ್ಲಿಷ್ ಹೆಸರು ಗ್ರಂಥದ ಮುಖಪುಟದಲ್ಲಿ. ಇವೆರಡರ ನಡುವೆ ಒಂದು ಬಾಲ್ಯ ಭಗ್ನವಾಗುತ್ತದೆ.

ಈ ಗ್ರಂಥನಾಮವನ್ನು ಕನ್ನಡಿಸುವುದು ಹೇಗೆ? ಇಲ್ಲಿ ನಮ್ಮ ಶಾಸ್ತ್ರಕಾರರು ನೆರವಾಗುತ್ತಾರೆ. ಕೌಟಿಲ್ಯನು ದೂತರನ್ನು ವಿಂಗಡಿಸುವುದು ಅಧಿಕಾರವನ್ನು ಅನುಸರಿಸಿ: ಕಾರ್ಯವನ್ನೆಲ್ಲ ತಾನೇ ನಿರ್ಣಯಿಸಬಲ್ಲ ನಿಸೃಷ್ಟಾರ್ಥ, ಮಿತಿಯುಳ್ಳ ಪರಿಮಿತಾರ್ಥ, ಓಲೆಯನ್ನು ಮಾತ್ರ ಒಯ್ಯುವ ಶಾಸನಹರ. ವಾತ್ಸ್ಯಾಯನನು ದೂತಿಯರಿಗೂ ಇದೇ ಕ್ರಮವನ್ನು ಹೇಳಿ, ಅರಿವಿನ ಭೇದವನ್ನೂ ಸೇರಿಸುತ್ತಾನೆ. ಅವನ 'ಮೂಕದೂತಿ' ಏನೂ ಅರಿಯದ ಬಾಲೆ; ಓಲೆಯನ್ನು ಮಾಲೆಯಲ್ಲಿಯೋ ಕಿವಿಯ ಆಭರಣದಲ್ಲಿಯೋ ಅಡಗಿಸಿ ಅವಳನ್ನು ಕಳಿಸುವುದು. ಈ ಅಳತೆಗೋಲಿನಿಂದ ನೋಡಿದರೆ ಚಾಸರನ ಪ್ಯಾಂಡರಸ್ ನಿಸೃಷ್ಟಾರ್ಥ. ಅವನು ಎಲ್ಲವನ್ನೂ ಬಲ್ಲ, ಎಲ್ಲವನ್ನೂ ಹೂಡಬಲ್ಲ. ಲಿಯೋ ಮೊದಲಿಗೆ ಮೂಕದೂತ. ಮುಚ್ಚದೆ ಕೊಟ್ಟ ಓಲೆಯೊಂದರ ಕೆಲವು ಮಾತುಗಳನ್ನು ಕಂಡೊಡನೆ ಅವನಿಗೆ ಅರಿವು ಬರುತ್ತದೆ, ಅಧಿಕಾರವಾದರೋ ಬರುವುದಿಲ್ಲ. ಅರಿವಿದ್ದೂ ಅಧಿಕಾರವಿಲ್ಲದ ಈ ಸ್ಥಿತಿಯಲ್ಲಿಯೇ ಕಾದಂಬರಿಯ ದುರಂತವಿದೆ. ಅಂತಹವನನ್ನು 'ಮಧ್ಯಸ್ಥ'ನೆಂದರೆ ಅಪಚಾರ, 'ದಲ್ಲಾಳಿ'ಯೆಂದರೆ ಅನ್ಯಾಯ. 'ಓಲೆಯ ಹುಡುಗ' ಎಂಬುದು ಹೆಚ್ಚು ಸಮೀಪವಾದೀತು.

ಇದು ಕೇವಲ ಸಾಹಿತ್ಯದ ಪ್ರಶ್ನೆಯೆಂದು ತಿಳಿಯಬಾರದು. ನಮ್ಮ ದೇಶದಲ್ಲಿ 'ಆರ್ಬಿಟ್ರೇಷನ್' ಕುರಿತು 1996ರ ಅಧಿನಿಯಮವಿದೆ. 'ಮೀಡಿಯೇಷನ್' ಕುರಿತು 2023ರದು ಬೇರೆಯಿದೆ. ಮೊದಲನೆಯದರಲ್ಲಿ ನಡುವಣವನು ಕೊಟ್ಟ ತೀರ್ಪು ಕಕ್ಷಿಗಳನ್ನು ಬಂಧಿಸುತ್ತದೆ. ಎರಡನೆಯದರಲ್ಲಿ ಅವನು ಯಾವ ಒಪ್ಪಂದವನ್ನೂ ಹೇರುವಂತಿಲ್ಲ. ಕನ್ನಡದ ಬರಹದಲ್ಲಿ ಎರಡನ್ನೂ 'ಮಧ್ಯಸ್ಥಿಕೆ'ಯೆಂದೇ ಕರೆಯುವುದುಂಟು. ಓದಿದ ಕಕ್ಷಿಗಾರನಿಗೆ ತಾನು ಯಾವುದಕ್ಕೆ ಒಪ್ಪಿದೆನೆಂಬುದು ತಿಳಿಯುವ ಬಗೆ ಹೇಗೆ? ಮೊದಲನೆಯದಕ್ಕೆ 'ಪಂಚಾಯಿತಿ ತೀರ್ಪು' ಎಂಬ ಹಳೆಯ ಮಾತನ್ನು ಉಳಿಸಿಕೊಂಡು, 'ಮಧ್ಯಸ್ಥಿಕೆ'ಯನ್ನು ಎರಡನೆಯದಕ್ಕೇ ಮೀಸಲಿಡುವುದು ಯುಕ್ತ.

ಹಾಗೆ ಮೀಸಲಿಡಲು ಆಧಾರವೂ ಉಂಟು. ಇಂಗ್ಲಿಷಿನ 'ನ್ಯೂಟ್ರಲ್' ಎಂದರೆ ಎರಡರಲ್ಲಿ ಯಾವುದೂ ಅಲ್ಲದ್ದು. ಭಗವದ್ಗೀತೆ ಆರನೆಯ ಅಧ್ಯಾಯದಲ್ಲಿ ಉದಾಸೀನನನ್ನೂ ಮಧ್ಯಸ್ಥನನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ, ವಿರೋಧಿಗಳಾದ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥ ಎಂದು ಶಂಕರರು ಭೇದ ತೋರಿಸಿದ್ದಾರೆ. ಪರಪ್ರಾಂತದ ನಗರಗಳಲ್ಲಿ ನೆಲಸಿ, ಮರಾಠಿ, ತಮಿಳು, ತೆಲುಗು, ಹಿಂದಿಗಳಿಗೂ ಕನ್ನಡಕ್ಕೂ ನಡುವೆ ನಡೆದಾಡುವ ನಮ್ಮಂಥವರಿಗೆ ಈ ಭೇದ ಚಿಂತನೀಯ. ಓಲೆಯನ್ನು ಒಡೆಯದೆ ಒಯ್ಯುವ ಶಾಸನಹರನ ಕೆಲಸ ಸುಲಭ. ಎರಡು ಮನೆಗಳನ್ನೂ ಬಿಟ್ಟ ಉದಾಸೀನನ ಕೆಲಸ ಇನ್ನೂ ಸುಲಭ. ಎರಡು ಭಾಷೆಗಳ ಹಿತವನ್ನೂ ಬಯಸಿ, ಎರಡನ್ನೂ ಆಳವಾಗಿ ಕಲಿತು ನಡುವೆ ನಿಲ್ಲುವುದು ಕಷ್ಟವಾದ ಕೆಲಸ. ಮಧ್ಯಸ್ಥ ಎಂಬ ಹೆಸರು ಸಲ್ಲಬೇಕಾದದ್ದು ಅದಕ್ಕೆ.